ಬ್ಯಾಸ್ಕೆಟ್‌ಬಾಲ್ ಕೋಚಿಂಗ್‌ಗೆ ಸೇನೆಯಿಂದ ಏನು ತರಬೇಕು?

ಸೇನೆಯಿಂದ ನಿವೃತ್ತನಾದ ಮೇಲೆ ಶಾಲೆಯ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದೇನೆ. ‘ಸರ್, ಸ್ವಲ್ಪ ಮಿಲಿಟರಿ ಶಿಸ್ತು ಕಲಿಸಿ’ ಅಂತ ಅಪ್ಪ ಅಮ್ಮಂದಿರು ಕೇಳುತ್ತಾರೆ. ಗದರಿಸಿ, ತಪ್ಪಾದರೆ ಗ್ರೌಂಡ್ ಸುತ್ತಿಸಿ ಅಂತ ಅದರ ಅರ್ಥ. ಕೋಚ್ ಆಗುವವರೇ, ಓಟವನ್ನು ಶಿಕ್ಷೆ ಮಾಡಬೇಡಿ. ಓಡುವುದನ್ನೇ ಮಕ್ಕಳು ದ್ವೇಷಿಸಿದರೆ ಈ ಆಟ ಆಡುವುದು ಹೇಗೆ?

ಮೊದಲು ಉದ್ದೇಶ ತಿಳಿಸಿ. ಕಾರ್ಯಾಚರಣೆಗೆ ಮುಂಚೆ ನಾವು ಮಣ್ಣಿನಲ್ಲೇ ಬೆಟ್ಟ, ದಾರಿ, ಹಳ್ಳ ಮಾಡಿ ಸೈನಿಕರಿಗೆ ತೋರಿಸುತ್ತೇವೆ. ಅದಕ್ಕೆ ಸ್ಯಾಂಡ್ ಮಾಡೆಲ್ ಅಂತಾರೆ. ನೀವು ನೆಲದ ಮೇಲೆ ಚಾಕ್‌ನಿಂದ ಕೋರ್ಟ್ ಬರೆಯಿರಿ. ‘ನೀನು ಇಲ್ಲಿ ನಿಲ್ಲು’ ಅಂದರೆ ಹುಡುಗಿ ಅಲ್ಲೇ ನಿಂತಿರುತ್ತಾಳೆ, ಬಾಲ್ ಪಕ್ಕದಿಂದ ಹೋಗುತ್ತದೆ. ‘ಎದುರಾಳಿಗಳ ಎತ್ತರದ ಸೆಂಟರ್ (ಬುಟ್ಟಿಯ ಹತ್ತಿರ ಆಡುವವಳು) ಕೈಗೆ ಬಾಲ್ ಸಿಗಬಾರದು’ ಅನ್ನಿ. ಎಲ್ಲಿ ನಿಲ್ಲಬೇಕು ಅಂತ ಅವಳೇ ಹುಡುಕುತ್ತಾಳೆ. ಬಾಲ್ ಸಿಕ್ಕ ಮೇಲೆ 24 ಸೆಕೆಂಡಿನೊಳಗೆ ಶಾಟ್ ಆಗಬೇಕಾದ ಆಟ ಇದು. ಪ್ರತಿ ಸಲ ಬೆಂಚ್ ಕಡೆ ತಿರುಗಿ ಕೇಳಲು ಸಮಯ ಎಲ್ಲಿದೆ? ‘ಅರ್ಥ ಆಯ್ತಾ?’ ಅಂದರೆ ಎಲ್ಲರೂ ‘ಹೂಂ ಸರ್’ ಅಂತಾರೆ. ಜಾಸ್ತಿ ಮಾತಾಡದ ಹುಡುಗಿಯಿಂದ ಪ್ಲಾನ್ ಪೂರ್ತಿ ವಾಪಸ್ ಹೇಳಿಸಿ.

ಸೇನೆಯಲ್ಲಿ ಸೆಕ್ಷನ್ ಅನ್ನುವ ಸಣ್ಣ ತುಕಡಿಯ ಕಮಾಂಡರ್ ಬಿದ್ದರೆ ಟು ಐ ಸಿ, ಅಂದರೆ ಅವನ ನಂತರದವನು, ತಕ್ಷಣ ಕಮಾಂಡ್ ತೆಗೆದುಕೊಳ್ಳುತ್ತಾನೆ. ಆಟ ನಡೆಸುವ ನಿಮ್ಮ ಪಾಯಿಂಟ್ ಗಾರ್ಡ್ ಐದು ಫೌಲ್ ಆಗಿ ಹೊರಗೆ ಹೋದರೆ ಅವಳ ಜಾಗಕ್ಕೆ ಯಾರು? ಪ್ರಾಕ್ಟೀಸ್ ಮ್ಯಾಚ್‌ನಲ್ಲಿ ಮುನ್ಸೂಚನೆ ಕೊಡದೆ ಅವಳನ್ನು ಕೂರಿಸಿ ನೋಡಿ.

ಅಮೆರಿಕದ ಮೈಕ್ ಶಶೆವ್‌ಸ್ಕಿ 1969ರಲ್ಲಿ ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಯಿಂದ ಪದವಿ ಪಡೆದು ಸೇನಾಧಿಕಾರಿಯಾಗಿದ್ದವರು. ಆಮೇಲೆ ಡ್ಯೂಕ್ ವಿಶ್ವವಿದ್ಯಾಲಯದ ತಂಡಕ್ಕೆ 5 ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು. 2008, 2012, 2016ರ ಒಲಿಂಪಿಕ್ಸ್ ಚಿನ್ನ ಗೆದ್ದ ಅಮೆರಿಕ ತಂಡಕ್ಕೂ ಅವರೇ ಕೋಚ್. ಅವರ ‘ನೆಕ್ಸ್ಟ್ ಪ್ಲೇ’ ಪಾಠ ನನಗೆ ಬಹಳ ಇಷ್ಟ. ಶಾಟ್ ತಪ್ಪಿತಾ, ಬಿತ್ತಾ, ಎರಡನ್ನೂ ಅಲ್ಲೇ ಬಿಟ್ಟು ಮುಂದಿನ ಆಟಕ್ಕೆ ಓಡಬೇಕು. ಬಾಲ್ ಕಳೆದುಕೊಂಡವಳು ತಲೆ ಹಿಡಿದು ನಿಂತರೆ ಎದುರಾಳಿಗೆ ಲೇಅಪ್ (ಬುಟ್ಟಿಯ ಹತ್ತಿರದಿಂದ ಸುಲಭದ ಶಾಟ್) ಕೊಟ್ಟಂತೆಯೇ ಅಲ್ವಾ? ‘ನೆಕ್ಸ್ಟ್!’ ಅಂತ ಜೊತೆಗಾರ್ತಿಯರೇ ಕೂಗುವುದನ್ನು ಅಭ್ಯಾಸ ಮಾಡಿಸಿ.

ಎಲ್ಲಕ್ಕಿಂತ ದೊಡ್ಡದು ಮ್ಯಾಚ್ ನಂತರದ ಮಾತು. ಸೇನೆಗಳು ಇದನ್ನು ಆಫ್ಟರ್ ಆಕ್ಷನ್ ರಿವ್ಯೂ ಅನ್ನುತ್ತವೆ. ಕೇಳುವುದು ನಾಲ್ಕೇ ಪ್ರಶ್ನೆ: ಏನಾಗಬೇಕಿತ್ತು? ಏನಾಯಿತು? ಯಾಕೆ ಹಾಗಾಯಿತು? ಮುಂದಿನ ಸಲ ಏನು ಮಾಡೋಣ? ಎಲ್ಲರೂ ವೃತ್ತಾಕಾರದಲ್ಲಿ ಕುಳಿತುಕೊಳ್ಳಿ. ಚಿಕ್ಕವರು ಮೊದಲು ಮಾತಾಡಲಿ, ಕ್ಯಾಪ್ಟನ್ ಕೊನೆಗೆ, ಕೋಚ್ ಅವಳಿಗಿಂತ ಕೊನೆಗೆ. ಕೋಚ್ ಮೊದಲು ಬಾಯಿಬಿಟ್ಟರೆ ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ‘ಸರ್, ಝೋನ್ (ಒಬ್ಬೊಬ್ಬರು ಒಂದೊಂದು ಜಾಗ ಕಾಯುವ ರಕ್ಷಣೆ) ಹಾಕಿದ್ದೇ ತಪ್ಪು’ ಅಂತ ಒಂಬತ್ತನೇ ಕ್ಲಾಸಿನ ಹುಡುಗಿ ಹೇಳಿದರೆ ಗದರಬೇಡಿ. ಬರೆದುಕೊಳ್ಳಿ. ಯಾರು ತಪ್ಪು ಮಾಡಿದರು ಅಂತ ಕೇಳಬೇಡಿ, ಯಾಕಾಯಿತು ಅಂತ ಕೇಳಿ. ಗೆದ್ದ ದಿನವೂ ಇದನ್ನು ಬಿಡಬೇಡಿ. ಕೊನೆಗೆ ಒಂದೇ ಒಂದು ವಿಷಯ ಆರಿಸಿ, ಮರುದಿನದ ಪ್ರಾಕ್ಟೀಸನ್ನು ಅದರಿಂದಲೇ ಶುರುಮಾಡಿ.