ಲಿಂಕ್ ದೀಪ ಹೊತ್ತಿತು, ಪಿಂಗ್ ಹೋಗಲಿಲ್ಲ

ಪಿಸಿಗೆ ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿದರೆ ತಾನ್ಯಾರು ಅಂತ ಅದೇ ಹೇಳಿಕೊಳ್ಳುತ್ತದೆ. ನಾವು ಮಾಡಿದ ಆರ್ಮ್ ಬೋರ್ಡಿನಲ್ಲಿ ಆ ಸುಖ ಇಲ್ಲ. ಕೇಬಲ್ಲಿನ ಸಂಕೇತ ನೋಡಿಕೊಳ್ಳುವ ಈಥರ್ನೆಟ್ ಫೈ (PHY) ಚಿಪ್ ಯಾವ ವಿಳಾಸದಲ್ಲಿದೆ, ರೀಸೆಟ್ ಪಿನ್ ಯಾವುದು, ಎಲ್ಲವನ್ನೂ ಡಿವೈಸ್ ಟ್ರೀ ಎಂಬ ಹಾರ್ಡ್‌ವೇರ್ ವಿವರದ ಕಡತದಲ್ಲಿ ನಾವೇ ಬರೆದು ಲಿನಕ್ಸ್ ಕೈಗೆ ಕೊಡಬೇಕು.

ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಡೆಮೊ ಬೋರ್ಡಿನ ಕಡತ ಕಾಪಿ. ಅದರಲ್ಲಿ ಫೈ ವಿಳಾಸ 0. ನಮ್ಮ ಬೋರ್ಡಿನಲ್ಲಿ ಒಂದು ಪುಲ್‌ಅಪ್ ರೆಸಿಸ್ಟರ್ ಅದನ್ನು 1 ಮಾಡಿತ್ತು. ಲಿನಕ್ಸ್‌ಗೂ ಮೊದಲು ಓಡುವ ಯು-ಬೂಟ್‌ನಲ್ಲಿ, ಫೈ ಚಿಪ್‌ಗಳ ಪಟ್ಟಿ ಕೊಡುವ ‘ಎಂಡಿಐಒ ಲಿಸ್ಟ್’ ಹೊಡೆದೆ, ತಪ್ಪು ಕಾಣಿಸಿತು, ಹತ್ತು ನಿಮಿಷದಲ್ಲಿ ಸರಿಯಾಯಿತು.

ಆಮೇಲೆ ಶುರುವಾಯಿತು ನೋಡಿ. ಲಿಂಕ್ ದೀಪ ಹೊತ್ತಿದೆ, ಲಾಗ್‌ನಲ್ಲಿ 1 ಗಿಗಾಬಿಟ್, ಫುಲ್ ಡ್ಯೂಪ್ಲೆಕ್ಸ್ ಅಂತಿದೆ. ಪಿಂಗ್‌ಗೆ (ಇನ್ನೊಂದು ಯಂತ್ರ ಸಿಗುತ್ತದಾ ಅಂತ ನೋಡುವ ಪರೀಕ್ಷೆಗೆ) ಮಾತ್ರ ಒಂದೂ ಉತ್ತರ ಇಲ್ಲ. ಸಿಆರ್‌ಸಿ ಎರರ್ ಎಣಿಕೆ, ಅಂದರೆ ಕೆಟ್ಟು ಬಂದ ಡೇಟಾದ ಲೆಕ್ಕ, ಏರುತ್ತಲೇ ಇದೆ. ಎರಡು ದಿನ ಕೇಬಲ್, ಸ್ವಿಚ್, ಡ್ರೈವರ್ ಎಲ್ಲವನ್ನೂ ಬೈದೆ. ಕೊನೆಗೆ ಸುಮ್ನೆ ಈಥ್‌ಟೂಲ್ ಕಮಾಂಡಿನಿಂದ ವೇಗವನ್ನು 100 ಮೆಗಾಬಿಟ್‌ಗೆ ಇಳಿಸಿದೆ. ಪಿಂಗ್ ಸಲೀಸಾಗಿ ಹೋಯಿತು! ಆಗ ಟೈಮಿಂಗ್ ಮೇಲೆ ಅನುಮಾನ ಬಂತು.

ಪ್ರೊಸೆಸರಿಗೂ ಫೈ ಚಿಪ್ಪಿಗೂ ನಡುವಿನ ಡೇಟಾ ಸಂಪರ್ಕವಾದ ಆರ್‌ಜಿಎಂಐಐ ಗಿಗಾಬಿಟ್‌ನಲ್ಲಿ ಓಡುವಾಗ ಕ್ಲಾಕ್ 125 ಮೆಗಾಹರ್ಟ್ಸ್, ಅಂದರೆ ಒಂದು ಸುತ್ತಿಗೆ 8 ನ್ಯಾನೊಸೆಕೆಂಡ್. ಏರುವ ಅಂಚಿನಲ್ಲಿ 4 ಬಿಟ್, ಇಳಿಯುವ ಅಂಚಿನಲ್ಲಿ 4 ಬಿಟ್. ಕ್ಲಾಕ್ ಸುಮಾರು 2 ನ್ಯಾನೊಸೆಕೆಂಡ್ ತಡವಾಗಿ ತಲುಪಿದರೆ ಡೇಟಾದ ನಡುಮಧ್ಯಕ್ಕೆ ಬೀಳುತ್ತದೆ. ಇಲ್ಲದಿದ್ದರೆ ಡೇಟಾ ಬದಲಾಗುವ ಗಳಿಗೆಯಲ್ಲೇ ಓದಿದಂತೆ. ಈ ತಡವನ್ನು ಸೇರಿಸುವವರು ಯಾರು ಅನ್ನುವುದೇ ಪ್ರಶ್ನೆ.

ಕಡತದಲ್ಲಿ ಫೈ-ಮೋಡ್ ಬರೀ ‘ಆರ್‌ಜಿಎಂಐಐ’ ಅಂತಿತ್ತು. ಅದರ ಅರ್ಥ, ತಡ ಬೋರ್ಡಿನ ಟ್ರೇಸ್‌ಗಳಲ್ಲೇ (ತಾಮ್ರದ ಗೆರೆಗಳಲ್ಲೇ) ಇದೆ ಅಂತ. ಲೇಔಟ್ ಮಾಡಿದ ಗೆಳೆಯನನ್ನು ಕೇಳಿದೆ: “ಕ್ಲಾಕ್ ಟ್ರೇಸ್ ಉದ್ದ ಮಾಡಿದ್ದೀಯಾ?”

“2 ನ್ಯಾನೊಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್ ಬೇಕು. ಈ ಅಂಗೈಯಗಲದ ಬೋರ್ಡಿನಲ್ಲಿ ಎಲ್ಲಿ ಸುತ್ತಿಸಲಿ ಮಾರಾಯಾ?”

‘ಆರ್‌ಜಿಎಂಐಐ-ಐಡಿ’ ಅಂತ ತಿದ್ದಿದೆ. ಫೈ ತನ್ನೊಳಗೇ ಎರಡೂ ದಿಕ್ಕಿಗೆ ತಡ ಸೇರಿಸಿತು. ಎರರ್ ಎಣಿಕೆ ಅಲ್ಲಿಗೇ ನಿಂತಿತು. ಎರಡು ದಿನಕ್ಕೆ ಎರಡಕ್ಷರ, ಸರಿಯಾದ ರೇಟೇ ಅಲ್ವಾ!

ಇನ್ನೊಂದು ಸಣ್ಣ ಕಿರಿಕಿರಿ ಉಳಿದಿತ್ತು. ಪ್ರತಿ ಬೂಟ್‌ಗೂ ರೌಟರ್ ಬೇರೆ ಐಪಿ ಕೊಡುತ್ತಿತ್ತು. ನೆಟ್‌ವರ್ಕ್‌ನಲ್ಲಿ ಬೋರ್ಡಿನ ಗುರುತಾದ ಮ್ಯಾಕ್ ವಿಳಾಸ ಸಿಗದೆ ಲಿನಕ್ಸ್ ಕರ್ನಲ್ ಬಾಯಿಗೆ ಬಂದದ್ದನ್ನು ಹಾಕಿಕೊಳ್ಳುತ್ತಿತ್ತು. ಡಿವೈಸ್ ಟ್ರೀಯ ‘ಏಲಿಯಾಸಸ್’ ಒಳಗೆ ‘ಈಥರ್ನೆಟ್0’ ಅಂತ ಒಂದು ಸಾಲು ಸೇರಿಸಿದೆ. ಮುಂದಿನ ಬೂಟ್‌ನಿಂದ ಯು-ಬೂಟ್ ತನ್ನಲ್ಲಿದ್ದ ಮ್ಯಾಕ್ ವಿಳಾಸವನ್ನು ತಾನೇ ಟ್ರೀಗೆ ತುಂಬಿ ಕಳಿಸತೊಡಗಿತು.