ಕಾನೂನು ಕಾಲೇಜಿನ ಲೈಬ್ರರಿಯಲ್ಲಿ ಶನಿವಾರದ ಓದು

ನಾನು ಬಯಲುಸೀಮೆಯ ಒಂದು ಜಿಲ್ಲಾ ಕೇಂದ್ರದ ಕಾನೂನು ಕಾಲೇಜಿನಲ್ಲಿ ಲೈಬ್ರರಿಯನ್. ನಮ್ಮ ಕಾಂಪೌಂಡಿನಾಚೆ ಕೋರ್ಟು, ಅದರ ಪಕ್ಕಕ್ಕೆ ಮಿನಿ ವಿಧಾನಸೌಧ. ಈ ಎರಡರ ನಡುವೆ ಕಾಗದದ ಕಟ್ಟು ಹಿಡಿದು ಅಲೆಯುವವರು ದಿನವೂ ನಮ್ಮ ಗೇಟಿನ ಮುಂದೆಯೇ ಹಾದುಹೋಗುತ್ತಾರೆ. ಅವರನ್ನು ಒಳಗೆ ಬಿಡುವ ನಿಯಮ ಲೈಬ್ರರಿಯಲ್ಲಿ ಇರಲಿಲ್ಲ. ಒಳಗೆ ಬಂದಿದ್ದರೂ ಅವರ ಕೈಗೆ ಕೊಡುವಂಥದ್ದು ಹೆಚ್ಚೇನೂ ಇರಲಿಲ್ಲವೆನ್ನಿ. ‘ಸಾಮಾಜಿಕ ನ್ಯಾಯ’ ಎಂದು ಬರೆದ ಒಂದು ರ‍್ಯಾಕ್ ಇತ್ತು. ಅದರಲ್ಲಿ ದಪ್ಪ ಇಂಗ್ಲಿಷ್ ಕಾಮೆಂಟರಿಗಳು, ಅಂಬೇಡ್ಕರ್ ಬರಹ-ಭಾಷಣಗಳ ಕನ್ನಡ ಸಂಪುಟಗಳು, ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಜಾಗ ಬಿಟ್ಟು ಕದಲುವ ಗೈಡುಗಳು. ಆ ರ‍್ಯಾಕ್ ಈಗ ಊರಿನವರೂ ಕೂತು ಓದುವ ಜಾಗವಾಗಿದೆ. ಹೇಗೆ ಮಾಡಿದಿರಿ ಎಂದು ಬೇರೆ ಕಾಲೇಜಿನ ಲೈಬ್ರರಿಯನ್ ಗೆಳೆಯರು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅನುಮತಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆಡಳಿತದವರಿಗೆ ಇದ್ದ ಚಿಂತೆ ಎರಡು: ಪುಸ್ತಕ ಕಳೆದರೆ ಹೊಣೆ ಯಾರು, ಪರೀಕ್ಷೆ ಸಮಯದಲ್ಲಿ ಗದ್ದಲವಾದರೆ ಏನು ಗತಿ. ಬಾರ್ ಕೌನ್ಸಿಲಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಪ್ರತಿ ಕಾನೂನು ಕಾಲೇಜೂ ಕಾನೂನು ನೆರವು ಕೇಂದ್ರ ನಡೆಸಬೇಕು. ನಮ್ಮಲ್ಲೂ ಅದಕ್ಕೊಂದು ಕೋಣೆ, ಒಂದು ರಿಜಿಸ್ಟರ್ ಇದ್ದವು. ಆ ಕೋಣೆಯನ್ನೇ ಶನಿವಾರ ಮಧ್ಯಾಹ್ನ ಓದಿಗೆ ಕೇಳಿದೆ. ಹೊರಗಿನವರಿಗೆ ಪುಸ್ತಕ ಮನೆಗೆ ಕೊಡುವುದಿಲ್ಲ, ಕೂತು ಓದಬಹುದು, ಬೇಕಾದ ಪುಟ ಜೆರಾಕ್ಸ್ ಮಾಡಿಸಿಕೊಳ್ಳಬಹುದು ಎಂದು ಒಪ್ಪಂದವಾಯಿತು. ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಂತೆ ನ್ಯಾಯಾಲಯದ ತೀರ್ಪನ್ನು ಪ್ರತಿ ಮಾಡಿ ಹಂಚುವುದು ಉಲ್ಲಂಘನೆಯಲ್ಲ. ಖಾಸಗಿ ಪ್ರಕಾಶಕರ ಕಾಮೆಂಟರಿ ಹಾಗಲ್ಲ, ಅದನ್ನು ಇಡಿಯಾಗಿ ಜೆರಾಕ್ಸ್ ಮಾಡಿಸಲು ನಾನು ಬಿಡುವುದಿಲ್ಲ.

ನಿಜವಾದ ಕೆಲಸ ಶುರುವಾಗಿದ್ದು ಜೋಡಿಸುವುದರಲ್ಲಿ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಕಾನೂನು 340ರಿಂದ ಆರಂಭ. ಸಂವಿಧಾನ, ಅಪರಾಧ, ಕಾರ್ಮಿಕ ಕಾನೂನು ಎಂದು ಕವಲೊಡೆಯುತ್ತ ಹೋಗುತ್ತದೆ. ವಿದ್ಯಾರ್ಥಿಗಳಿಗೆ ಅದು ಸರಿ. ಆದರೆ ತೊಂದರೆಯಲ್ಲಿರುವ ಯಾರೂ ತಮ್ಮ ತೊಂದರೆ ಯಾವ ಕಾಯ್ದೆಯ ಕೆಳಗೆ ಬರುತ್ತದೆ ಎಂದು ತಿಳಿದುಕೊಂಡು ಬರುವುದಿಲ್ಲ. ಹಾಗಾಗಿ ಶನಿವಾರದ ಓದಿಗೆ ಬೇರೆಯೇ ಬಾಕ್ಸ್ ಫೈಲುಗಳನ್ನು ಮಾಡಿದೆ: ‘ಜಮೀನು’, ‘ಕೂಲಿ-ಸಂಬಳ’, ‘ಮನೆಯೊಳಗಿನ ಹಿಂಸೆ’, ‘ಪೊಲೀಸ್ ಠಾಣೆ’, ‘ಜಾತಿ ದೌರ್ಜನ್ಯ’, ‘ಕಚೇರಿಯಿಂದ ಕಾಗದ ತೆಗೆಯುವುದು’. ಪ್ರತಿ ಬಾಕ್ಸಿನಲ್ಲೂ ಕಾಯ್ದೆಯ ಕನ್ನಡ ಪಠ್ಯ, ಅದರ ನಿಯಮಗಳು, ಒಂದೆರಡು ತೀರ್ಪು, ಬೇಕಾದ ನಮೂನೆ, ಹೋಗಬೇಕಾದ ಕಚೇರಿಯ ವಿಳಾಸ.

ರಾಜ್ಯದ ಕಾಯ್ದೆಗಳ ಕನ್ನಡ ಪಠ್ಯ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನಾ ಇಲಾಖೆಯ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳ ಕನ್ನಡ ಅನುವಾದ ಈಗ ಕೋರ್ಟಿನ ತಾಣದಲ್ಲೇ ಇದೆ. ಅದು ಯಂತ್ರದ ನೆರವಿನ ಅನುವಾದ; ಓದಲು ಕಷ್ಟ, ಕೆಲವು ವಾಕ್ಯ ಮುಗಿಯುವುದೇ ಇಲ್ಲ. ನಾನು ಅದನ್ನು ಇಂಗ್ಲಿಷ್ ಮೂಲದ ಜೊತೆ ಸೇರಿಸಿ ಪಿನ್ ಮಾಡಿಯೇ ಇಡುವುದು.

ನಿಯಮಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಬಹುತೇಕ ಲೈಬ್ರರಿಗಳು ಬೇರ್ ಆಕ್ಟ್, ಅಂದರೆ ಕಾಯ್ದೆಯ ಪಠ್ಯವಷ್ಟೇ ಇರುವ ಪುಸ್ತಕ, ತರಿಸಿ ಸುಮ್ಮನಾಗುತ್ತವೆ. ಕಾಯ್ದೆ ಹಕ್ಕನ್ನು ಹೇಳುತ್ತದೆ. ಆ ಹಕ್ಕು ಕೊಡಬೇಕಾದವರು ಯಾರು, ಎಷ್ಟು ದಿನದಲ್ಲಿ, ಯಾವ ಅರ್ಜಿಗೆ ಎನ್ನುವುದು ಬಹುಪಾಲು ಇರುವುದು ನಿಯಮದಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ಕೂತಿರುವ ಜಾಗ ಅದು. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರದ್ದು. ಆದರೆ ತನಿಖಾಧಿಕಾರಿ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಾಗಬಾರದು ಎನ್ನುವ ನಿಯಮ 7, ಪರಿಹಾರದ ಹಣ ಎಫ್‌ಐಆರ್ ಹಂತದಲ್ಲಿ ಎಷ್ಟು, ದೋಷಾರೋಪ ಪಟ್ಟಿಯ ಹಂತದಲ್ಲಿ ಎಷ್ಟು ಎನ್ನುವ ಅನುಬಂಧ, ಇವೆಲ್ಲ ಇರುವುದು 1995ರ ನಿಯಮಗಳಲ್ಲಿ. ನಮ್ಮ ಓದಿಗೆ ಬರುವವರು ಅತಿ ಹೆಚ್ಚು ಜೆರಾಕ್ಸ್ ಮಾಡಿಸಿಕೊಂಡು ಹೋಗಿರುವುದು ಆ ಅನುಬಂಧವನ್ನೇ. ರಾಜ್ಯದ ಮಾಹಿತಿ ಹಕ್ಕು ನಿಯಮಗಳದ್ದೂ ಇದೇ ಕತೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು ಎಂದು ಕರ್ನಾಟಕದ ನಿಯಮ ಹೇಳುತ್ತದೆ. 2005ರ ಕಾಯ್ದೆಯನ್ನು ಮಾತ್ರ ಓದಿ ಮೂರು ಪುಟದ ಅರ್ಜಿ ಬರೆದವರಿಗೆ ಅದು ವಾಪಸ್ ಬಂದಿದ್ದೇಕೆಂದು ತಿಳಿಯುವುದೇ ಇಲ್ಲ.

ಇನ್ನು ಓದುವ ಬಗೆ. ‘ಕಾನೂನು ಅರಿವು ಕಾರ್ಯಕ್ರಮ’ ಎಂದರೆ ನಮ್ಮ ಕಡೆ ಶಾಮಿಯಾನ, ಹಾರ, ದೀಪ ಬೆಳಗುವುದು, ನಂತರ ನಾಲ್ಕು ಭಾಷಣ. ಕೇಳಿದವರು ಎದ್ದು ಹೋಗುವಾಗ ಅವರ ಕೈಯಲ್ಲಿ ಏನೂ ಇರುವುದಿಲ್ಲ. ನಾವು ಭಾಷಣವನ್ನು ಕೈಬಿಟ್ಟು ಕಲಮನ್ನೇ ಗಟ್ಟಿಯಾಗಿ ಓದುತ್ತೇವೆ. ಒಂದು ಮಧ್ಯಾಹ್ನಕ್ಕೆ ಒಂದು ಅಥವಾ ಎರಡು ಕಲಮು, ಅಷ್ಟೇ. ಓದು ಬಲ್ಲವರು ಸರದಿಯಲ್ಲಿ ಓದುತ್ತಾರೆ. ಪ್ರತಿ ವಾಕ್ಯಕ್ಕೆ ನಿಲ್ಲಿಸಿ ಮೂರು ಪ್ರಶ್ನೆ: ಯಾರು ಮಾಡಬೇಕು? ಏನು ಮಾಡಬೇಕು? ಎಷ್ಟು ದಿನದೊಳಗೆ? ಉತ್ತರದ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ. ವಿದ್ಯಾರ್ಥಿಗಳು ಮೊದಮೊದಲು ಇದನ್ನು ಹೈಸ್ಕೂಲ್ ಪಾಠ ಎಂದು ನಕ್ಕರು. ಮೂರನೇ ಪ್ರಶ್ನೆಗೆ ಅವರಿಗೇ ಉತ್ತರ ಸಿಗದೆ ಹೋದಾಗ ನಗು ನಿಂತಿತು.

ಪಿಟಿಸಿಎಲ್ ಕಾಯ್ದೆ (ಪರಿಶಿಷ್ಟರಿಗೆ ಮಂಜೂರಾದ ಜಮೀನುಗಳ ಪರಭಾರೆ ನಿಷೇಧ ಕಾಯ್ದೆ) ಓದಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಅದರಷ್ಟು ಮನೆಗಳಿಗೆ ತಾಗುವ ಕಾಯ್ದೆ ಬೇರೆ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಮಂಜೂರಾತಿಯ ಷರತ್ತು ಮೀರಿ, ಇಲ್ಲವೇ ಸರ್ಕಾರದ ಪೂರ್ವಾನುಮತಿಯಿಲ್ಲದೆ ಬೇರೆಯವರ ಕೈಗೆ ಹೋಗಿದ್ದರೆ ಆ ವರ್ಗಾವಣೆ ಶೂನ್ಯ ಎನ್ನುತ್ತದೆ 1978ರ ಈ ಕಾಯ್ದೆಯ 4ನೇ ಕಲಮು. 5ನೇ ಕಲಮಿನಂತೆ ಅಸಿಸ್ಟೆಂಟ್ ಕಮಿಷನರ್ ಆ ಜಮೀನನ್ನು ಬಿಡಿಸಿ ಮೂಲ ಮಂಜೂರುದಾರರಿಗೆ ಇಲ್ಲವೇ ಅವರ ವಾರಸುದಾರರಿಗೆ ಕೊಡಿಸಬಹುದು. ನಮ್ಮ ವಿದ್ಯಾರ್ಥಿನಿಯೊಬ್ಬಳು 4ನೇ ಕಲಮನ್ನು ಓದಿದಾಗ, ಅಕ್ಷರ ಬಾರದ ಒಬ್ಬ ಅಜ್ಜಿ “ಇನ್ನೊಂದ್ ಸಲ ಓದವ್ವಾ” ಅಂದರು. ಎರಡನೇ ಸಲ ಕೇಳಿಸಿಕೊಂಡು, “ಹಂಗಾರೆ ನಮ್ಮ ಮಾವ ಹೆಬ್ಬೆಟ್ಟು ಒತ್ತಿದ್ದು ಲೆಕ್ಕಕ್ಕಿಲ್ಲ ಅನ್ನು” ಎಂದರು. ಹುಡುಗಿ ಹೌದು ಅನ್ನುವ ಮೊದಲೇ, ಕಂದಾಯ ಇಲಾಖೆಯಿಂದ ನಿವೃತ್ತರಾಗಿ ನಮ್ಮ ಓದಿಗೆ ತಪ್ಪದೆ ಬರುವ ಹಿರಿಯರು ಬಾಯಿ ಹಾಕಿದರು: “ತಡಿಯಮ್ಮ. ಸಾಗುವಳಿ ಚೀಟಿ ಇದ್ಯಾ? ಮಂಜೂರಾಗಿದ್ದು ಯಾವ ವರ್ಷ? ಎಷ್ಟು ವರ್ಷ ಮಾರಬಾರದು ಅಂತ ಅದರಲ್ಲಿ ಬರ್ದಿದೆ?”

ಈ ಮಾತಿನಿಂದ ಓದು ಬೇರೆ ದಾರಿ ಹಿಡಿಯಿತು. ಕಲಮು ನಿಂತಿರುವುದೇ ಮಂಜೂರಾತಿಯ ಷರತ್ತಿನ ಮೇಲೆ. ಆ ಷರತ್ತು ಇರುವುದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಹಾಗಾಗಿ ‘ಜಮೀನು’ ಬಾಕ್ಸಿನಿಂದ ‘ಕಚೇರಿಯಿಂದ ಕಾಗದ ತೆಗೆಯುವುದು’ ಬಾಕ್ಸಿಗೆ ಹೋದೆವು. ಮಂಜೂರಾತಿ ಕಡತದ ದೃಢೀಕೃತ ನಕಲಿಗೆ ಅರ್ಜಿ, ಹಳೆಯ ಕೈಬರಹದ ಪಹಣಿ, ಮ್ಯುಟೇಶನ್ ರಿಜಿಸ್ಟರಿನ ಪ್ರತಿ: ಆವತ್ತು ಅಲ್ಲಿದ್ದವರೆಲ್ಲ ಕೂತು ಅರ್ಜಿ ಬರೆದರು.

ಮುಂದಿನ ಓದಿಗೆ ತೀರ್ಪುಗಳನ್ನು ಇಟ್ಟೆ. ಈ ಕಾಯ್ದೆ ಸಂವಿಧಾನಬದ್ಧ ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಎತ್ತಿಹಿಡಿಯಿತು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅದೇ ಕೋರ್ಟು, ಕಾಯ್ದೆಯಲ್ಲಿ ಕಾಲಮಿತಿ ಇಲ್ಲದಿದ್ದರೂ ಸಮಂಜಸವಾದ ಅವಧಿಯೊಳಗೆ ಅರ್ಜಿ ಹಾಕಬೇಕು ಎಂದಿತು. ಅದರ ನಂತರ ತಡವಾಯಿತು ಎಂಬ ಕಾರಣಕ್ಕೆ ಅರ್ಜಿಗಳು ಬೀಳತೊಡಗಿದವು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು ಕಾಲಮಿತಿ ಅಡ್ಡಬರುವುದಿಲ್ಲ ಎಂದು ಬರೆಯಿತು. ಆಮೇಲೂ ಹೈಕೋರ್ಟಿನಲ್ಲಿ ವಾದ ನಿಂತಿಲ್ಲ. ಇವಿಷ್ಟನ್ನೂ ಒಟ್ಟಿಗೆ ಓದಿಸಿದ್ದು ಬೇಕೆಂದೇ. 4ನೇ ಕಲಮನ್ನು ಮಾತ್ರ ಓದಿಸಿ ಕಳಿಸಿದ್ದರೆ ಜನ ಜಮೀನು ಸಿಕ್ಕೇಬಿಟ್ಟಿತು ಅಂದುಕೊಂಡು ಹೋಗುತ್ತಿದ್ದರು. ಅಂಥ ಅರೆಬರೆ ಭರವಸೆ ಹಂಚುವುದಕ್ಕಿಂತ ಲೈಬ್ರರಿಗೆ ಬೀಗ ಹಾಕಿಕೊಂಡಿರುವುದು ಮೇಲು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. 2017ರ ತೀರ್ಪು ಓದುವಾಗ ಕೋಣೆಯಲ್ಲಿ ಸಿಟ್ಟು ಎದ್ದಿತು, ಒಬ್ಬರು ಎದ್ದೇ ಹೋದರು. ತಿದ್ದುಪಡಿ ಓದುವ ವಾರ ಮತ್ತೆ ಬಂದರು.

“ಮೇಡಂ, ಕೇಸು ಗೆಲ್ತೀನಾ?” ಈ ಪ್ರಶ್ನೆ ಬರದ ಶನಿವಾರ ಇಲ್ಲ. ಅದಕ್ಕೆ ನಾನು ಉತ್ತರ ಕೊಡುವುದಿಲ್ಲ. ನಾನು ವಕೀಲಳಲ್ಲ, 1961ರ ವಕೀಲರ ಕಾಯ್ದೆಯಂತೆ ವಕೀಲಿಕೆ ಮಾಡುವ ಅಧಿಕಾರ ನೋಂದಾಯಿತ ವಕೀಲರಿಗೆ ಮಾತ್ರ. ಪುಟ ತೆಗೆದುಕೊಡುವುದು ನನ್ನ ಕೆಲಸ, ಅಭಿಪ್ರಾಯ ಹೇಳುವುದು ಅವರದ್ದು. ಹಾಗೆಂದು ಕೈತೊಳೆದುಕೊಳ್ಳುವುದೂ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮು ಗೋಡೆಗೆ ದೊಡ್ಡಕ್ಷರದಲ್ಲಿ ಅಂಟಿಸಿದ್ದೇವೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಕೈಗಾರಿಕಾ ಕಾರ್ಮಿಕರು: ಇವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಇದನ್ನು ಓದಿ ಒಬ್ಬ ಶಾಲಾ ಶಿಕ್ಷಕಿ “ನನಗೂ ಇದ್ಯಾ?” ಎಂದು ಬೆರಗಾಗಿದ್ದರು. ಬಡವರಿಗೆ ಮಾತ್ರ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಕೆಳಗೆ ಸಹಾಯವಾಣಿ 15100 ಬರೆದಿದೆ. ಜಿಲ್ಲಾ ಪ್ರಾಧಿಕಾರದ ಕಚೇರಿ ಕೋರ್ಟಿನ ಆವರಣದಲ್ಲೇ ಇದೆ. ಮೊದಲ ಸಲ ಹೋಗುವವರ ಜೊತೆ ಒಬ್ಬ ವಿದ್ಯಾರ್ಥಿಯನ್ನು ಕಳಿಸುತ್ತೇವೆ.

2024ರ ಜುಲೈ 1 ಬಂದಾಗ ಲೈಬ್ರರಿಗಳಿಗೆಲ್ಲ ಒಂದು ಪರೀಕ್ಷೆಯೇ ಆಯಿತು. ಅಪರಾಧ, ಶಿಕ್ಷೆ ಹೇಳುವ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, ತನಿಖೆ, ವಿಚಾರಣೆಯ ಕ್ರಮ ಹೇಳುವ ಸಿಆರ್‌ಪಿಸಿ ಹೋಗಿ ನಾಗರಿಕ ಸುರಕ್ಷಾ ಸಂಹಿತೆ ಬಂತು. ಹಳೆಯದನ್ನು ರದ್ದಿಗೆ ಹಾಕೋಣ ಎಂಬ ಸಲಹೆಯೂ ಬಂತು. ಆ ದಿನಕ್ಕೆ ಮುಂಚೆ ನಡೆದ ಅಪರಾಧಕ್ಕೆ ಹಳೆಯ ಐಪಿಸಿಯೇ ಅನ್ವಯಿಸುವುದರಿಂದ ಇನ್ನೂ ಎಷ್ಟೋ ವರ್ಷ ಎರಡೂ ಬೇಕು. ‘ಪೊಲೀಸ್ ಠಾಣೆ’ ಬಾಕ್ಸಿನಲ್ಲಿ ಹಳೆ-ಹೊಸ ಕಲಮುಗಳ ಪಟ್ಟಿಯನ್ನು ವಿದ್ಯಾರ್ಥಿಗಳೇ ಮಾಡಿ ಇಟ್ಟರು. ಜನ ಹೆಚ್ಚು ಕೇಳುವುದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು: ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಅಥವಾ ಸಂತ್ರಸ್ತರಿಗೆ ಪುಕ್ಕಟೆ ಕೊಡಬೇಕು, ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ದೂರು ತೆಗೆದುಕೊಳ್ಳಬೇಕು.

ಪೌರಕಾರ್ಮಿಕರ ಜೊತೆಗಿನ ಓದು ಶನಿವಾರ ಆಗುವುದಿಲ್ಲ. ಅವರು ನಸುಕಿಗೇ ಕೆಲಸಕ್ಕೆ ಹೋಗಿ ಮಧ್ಯಾಹ್ನ ಸುಸ್ತಾಗಿರುತ್ತಾರೆ. ಅವರ ಕಾಲೊನಿಗೇ ಬಾಕ್ಸ್ ಹೊತ್ತುಕೊಂಡು ಹೋಗುತ್ತೇವೆ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ, ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕು ಎಂದ 2014ರ ಸುಪ್ರೀಂ ಕೋರ್ಟ್ ತೀರ್ಪು, ಅದನ್ನು 30 ಲಕ್ಷಕ್ಕೆ ಏರಿಸಿದ 2023ರ ಅಕ್ಟೋಬರಿನ ತೀರ್ಪು. ಮೊತ್ತ ಓದಿದಾಗ ಯಾರೂ ಖುಷಿಪಡಲಿಲ್ಲ. “ಇಳಿಸಬಾರದು ಅಂತ ಎಲ್ಲಿ ಬರ್ದದೆ, ಅದನ್ನ ಓದಿ” ಅಂದರು ಒಬ್ಬರು. 2013ರ ಕಾಯ್ದೆಯ 7ನೇ ಕಲಮು ಓದಿದೆವು. ಅವರಿಗೆ ಬೇಕಾಗಿದ್ದ ಜೆರಾಕ್ಸ್ ಅದೊಂದೇ, ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳುವಷ್ಟು ಸಣ್ಣದಾಗಿ. ಪರಿಹಾರದ ಪುಟವನ್ನು ಮುಂದೆ ಇಟ್ಟುಕೊಂಡು ಹೋಗಿದ್ದೆ. ಈಗ ಆ ಬಾಕ್ಸಿನಲ್ಲಿ 7ನೇ ಕಲಮೇ ಮೇಲಿದೆ.

ಖರ್ಚು ಹೆಚ್ಚಿಲ್ಲ. ಜೆರಾಕ್ಸ್, ಬಾಕ್ಸ್ ಫೈಲು, ಚಹಾ. ದೊಡ್ಡ ಖರ್ಚು ಸಮಯದ್ದು: ತಿದ್ದುಪಡಿ ಬಂದಾಗಲೆಲ್ಲ ಹಳೆಯ ಪುಟ ತೆಗೆದು ಹೊಸದನ್ನು ಸೇರಿಸಿ, ಮೇಲೆ ದಿನಾಂಕ ಹಾಕಬೇಕು. ದಿನಾಂಕವಿಲ್ಲದ ಪುಟವನ್ನು ಯಾರ ಕೈಗೂ ಕೊಡಬೇಡಿ. ಗ್ರಾಮ ಪಂಚಾಯತಿಗಳ ಲೈಬ್ರರಿಗಳಾದ ಅರಿವು ಕೇಂದ್ರಗಳಿಗೂ ಒಂದೊಂದು ಬಾಕ್ಸ್ ಕೊಡಿ ಎಂದು ಕೇಳುವವರಿದ್ದಾರೆ. ನನ್ನ ಹಿಂಜರಿಕೆ ಇದೇ: ಕೊಡುವುದು ಸುಲಭ, ಪುಟ ಬದಲಿಸುತ್ತಿರುವವರು ಯಾರು? ಹತ್ತಿರದ ಒಂದೆರಡು ಕೇಂದ್ರಗಳು ನಮ್ಮ ವಿದ್ಯಾರ್ಥಿಗಳ ಊರಲ್ಲೇ ಇರುವುದರಿಂದ ಅಲ್ಲಿ ಮಾತ್ರ ಇಟ್ಟಿದ್ದೇವೆ.

ಸದ್ಯ ಕಟ್ಟುತ್ತಿರುವುದು ಗಿಗ್ ಕಾರ್ಮಿಕರ ಬಾಕ್ಸ್. ಊಟ, ದಿನಸಿ ತಲುಪಿಸುವ ಹುಡುಗರು ನಮ್ಮ ಗೇಟಿನ ಮರದ ಕೆಳಗೆ ಬೈಕ್ ನಿಲ್ಲಿಸಿ ಮುಂದಿನ ಆರ್ಡರಿಗೆ ಕಾಯುತ್ತಿರುತ್ತಾರೆ. 2025ರಲ್ಲಿ ರಾಜ್ಯ ಅವರಿಗಾಗಿ ಸಾಮಾಜಿಕ ಭದ್ರತೆಯ ಕಾಯ್ದೆ ತಂದಿದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಲ್ಯಾಣ ಶುಲ್ಕವಾಗಿ ಕಂಪನಿಗಳಿಂದ ಪಡೆಯಲು ಅದರಲ್ಲಿ ಅವಕಾಶವಿದೆ. ಶನಿವಾರ ಅವರಿಗೆ ಆರ್ಡರು ಜಾಸ್ತಿ, ಬರಲಾಗದು. ಮಂಗಳವಾರ ಮೂರರಿಂದ ನಾಲ್ಕೂವರೆ ಖಾಲಿ ಇರುತ್ತೇವೆ ಎಂದಿದ್ದಾರೆ. ಆ ಹೊತ್ತಿಗೆ ಕೋಣೆಯಲ್ಲಿ ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ತಾಲೀಮು ಇದೆ. ಅದನ್ನು ಬುಧವಾರಕ್ಕೆ ಹಾಕಿಸಲು ಪ್ರಿನ್ಸಿಪಾಲರಿಗೆ ಪತ್ರ ಬರೆದಿದ್ದೇನೆ.