ಕಚ್ಚಿಕೊಂಡ ಚೋಕ್ ಟ್ಯೂಬನ್ನು ಬಿಡಿಸಿದ ಬಗೆ: ನನ್ನ ಅನುಭವ

ಶಾಟ್‌ಗನ್ನಿನ ಚೋಕ್ ಟ್ಯೂಬ್ (ಹಾರಿಸಿದ ಚರೆಗಳು, ಅಂದರೆ ಸಣ್ಣ ಗುಂಡುಗಳು, ಎಷ್ಟು ಹರಡಬೇಕೆಂದು ನಿಯಂತ್ರಿಸಲು ನಳಿಗೆಯ ಬಾಯೊಳಗೆ ತಿರುಗಿಸಿ ಕೂರಿಸುವ ಗಿಡ್ಡ ಕೊಳವೆ) ನಳಿಗೆಯೊಳಗೆ ಕಚ್ಚಿಕೊಳ್ಳಲು ಮುಖ್ಯ ಕಾರಣ ಅದು ತುಸು ಸಡಿಲವಾಗಿ ಕುಳಿತಿರುವುದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಡಿಲವಾದ ಚೋಕಿನ ಹಿಂಬದಿಯ ಅಂಚಿನಿಂದ ಪ್ರತಿ ಸಲವೂ ಬಿಸಿ ಅನಿಲ ನುಸುಳಿ, ಮದ್ದಿನ ಮಸಿಯನ್ನೂ ತೋಟಾದಲ್ಲಿ ಮದ್ದನ್ನೂ ಚರೆಯನ್ನೂ ಬೇರ್ಪಡಿಸುವ ಪ್ಲಾಸ್ಟಿಕ್ ವ್ಯಾಡಿನ ಸವಕಲನ್ನೂ ಥ್ರೆಡ್‌ಗಳ ನಡುವೆ ತುಂಬುತ್ತದೆ. ಅದಕ್ಕೆ ತೇವ ತಗುಲಿದರೆ ತುಕ್ಕೂ ಸೇರಿಕೊಳ್ಳುತ್ತದೆ.

ಪರಿಚಿತರೊಬ್ಬರು ತಂದ 12 ಬೋರ್ ಕೋವಿಯಲ್ಲಿ ಆಗಿದ್ದು ಇದೇ. ತೋಟಾ ಕೂರುವ ಚೇಂಬರ್ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ನಳಿಗೆಯನ್ನು ಕಳಚಿ, ಅದರ ಬಾಯಿ ಕೆಳಗಾಗುವಂತೆ ತುಕ್ಕು ಬಿಡಿಸುವ ತೆಳು ಎಣ್ಣೆ ತುಂಬಿದ ಗಾಜಿನ ಪಾತ್ರೆಯಲ್ಲಿ ಚೋಕಿನ ಉದ್ದಕ್ಕೂ ಮುಳುಗುವಷ್ಟು ನಿಲ್ಲಿಸಿದೆ. ಎಣ್ಣೆ ಮುಂದಿನ ಅಂಚಿನಿಂದಲೂ ಒಳಗಿನ ಅಂಚಿನಿಂದಲೂ ಏಕಕಾಲಕ್ಕೆ ಇಳಿಯಬೇಕೆಂಬುದೇ ಇದರ ಉದ್ದೇಶ. ಇಲ್ಲಿ ಆತುರ ಸಲ್ಲದು. ಒಂದು ರಾತ್ರಿಗೆ ಬಿಡದಿದ್ದರೆ ಇನ್ನೂ ಕೆಲವು ದಿನ ನೆನೆಯಲು ಬಿಡಬೇಕು, ನಡುನಡುವೆ ನೈಲಾನ್ ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತಿರಬೇಕು. ಚೋಕ್ ಮತ್ತು ನಳಿಗೆ ಸೇರುವ ಗೆರೆಯಲ್ಲಿ ಎಣ್ಣೆ ಕಂದುಗಪ್ಪಾಗಿ ಜಿನುಗತೊಡಗಿದಾಗ ನನಗೆ ಧೈರ್ಯ ಬಂತು.

ಚೋಕೂ ನಳಿಗೆಯೂ ಉಕ್ಕಿನವೇ ಆದ್ದರಿಂದ ಎರಡನ್ನೂ ಒಟ್ಟಿಗೆ ಬಿಸಿ ಮಾಡಿದರೆ ಹೆಚ್ಚು ಪ್ರಯೋಜನವಿಲ್ಲ. ಹೊರಗಿನ ನಳಿಗೆ ಒಳಗಿನ ಚೋಕಿಗಿಂತ ಬಿಸಿಯಾಗಬೇಕು. ಆದ್ದರಿಂದ ಕುದಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ನಳಿಗೆಗೆ ಸುತ್ತಿ, ಶಾಖ ಒಳಕ್ಕಿಳಿಯುವ ಮೊದಲೇ ವ್ರೆಂಚ್ ಹಾಕಿದೆ. ಬೆಂಕಿಯ ಜ್ವಾಲೆಯನ್ನು ಮಾತ್ರ ಹತ್ತಿರ ತರಬಾರದು: ಜೋಡಿ ನಳಿಗೆಗಳನ್ನು ಸೇರಿಸುವ ಪಟ್ಟಿಗಳಾದ ರಿಬ್‌ಗಳು ಎಷ್ಟೋ ಕೋವಿಗಳಲ್ಲಿ ಸೀಸದ ಬೆಸುಗೆಯಿಂದಲೇ ನಿಂತಿರುತ್ತವೆ. ನಳಿಗೆಯನ್ನು ಮೆತ್ತನೆಯ ಮರದ ತುಂಡುಗಳ ನಡುವೆ, ತೆಳುವಾದ ಬಾಯಿಯಿಂದ ಹಿಂದಕ್ಕೆ, ಅದುಮಿ ಹೋಗದಂತೆ ಹಿಡಿಸಿ, ಚೋಕಿನ ಅಂಚಿನ ಖಾಚುಗಳಲ್ಲಿ ಪೂರ್ತಿ ಕೂರುವ ಟಿ ಹಿಡಿಯ ವ್ರೆಂಚನ್ನು ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ಒತ್ತಿ, ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸಿದೆ. ಸಣ್ಣ ಶಬ್ದದೊಂದಿಗೆ ಹಿಡಿತ ಬಿಟ್ಟಿತು. ಸ್ಕ್ರೂಡ್ರೈವರ್, ಇಕ್ಕಳಗಳನ್ನು ಬಳಸಿದರೆ ಖಾಚುಗಳು ಕಿತ್ತುಹೋಗಿ ಕೆಲಸ ಇನ್ನಷ್ಟು ಕಷ್ಟವಾಗುತ್ತದೆ. ಫುಲ್‌ನಂಥ ಬಿಗಿ (ಅಂದರೆ ಬಾಯಿ ಹೆಚ್ಚು ಕಿರಿದಾದ) ಚೋಕಿನಲ್ಲಿ ಉಕ್ಕಿನ ಚರೆ ಹಾರಿಸಿ ಚೋಕೇ ಹಿಗ್ಗಿದ್ದರಂತೂ ಎಣ್ಣೆಯಿಂದಾಗದು; ಅದನ್ನು ಕೋವಿ ದುರಸ್ತಿ ಬಲ್ಲವರು ಒಳಗಿನಿಂದ ಕತ್ತರಿಸಿ ತೆಗೆಯಬೇಕಾಗುತ್ತದೆ.

ಅಂದಿನಿಂದ ನನ್ನ ಕೋವಿಯ ಚೋಕನ್ನು ಬಳಸಿದ ದಿನವೇ ಬಿಚ್ಚಿ, ಒಳಗಿನ ಮತ್ತು ಹೊರಗಿನ ಥ್ರೆಡ್‌ಗಳನ್ನು ದ್ರಾವಕ ಮತ್ತು ನೈಲಾನ್ ಬ್ರಷ್‌ನಿಂದ ಶುಚಿಗೊಳಿಸಿ, ಒರೆಸಿ ಒಣಗಿಸಿ, ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ ಸೀಜ್ ಗ್ರೀಸನ್ನು ತೆಳು ಪದರವಾಗಿ ಸವರುತ್ತೇನೆ. ಗ್ರೀಸ್ ಹೆಚ್ಚಾದರೆ ಅದೇ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಚೋಕನ್ನು ಕೈಯಿಂದ ಕೊನೆಯವರೆಗೆ ತಿರುಗಿಸಿ, ವ್ರೆಂಚಿನಿಂದ ಅಳತೆಯ ಬಿಗಿ ಕೊಟ್ಟರೆ ಸಾಕು. ಗುಂಡು ಹಾರಿಸುವ ನಡುವೆಯೂ ಆಗಾಗ, ಕೋವಿಯನ್ನು ಖಾಲಿ ಮಾಡಿ, ತೋಟಾ ತುಂಬುವ ಭಾಗವಾದ ಆ್ಯಕ್ಷನ್ ತೆರೆದಿಟ್ಟು, ಚೋಕ್ ಸಡಿಲವಾಗಿಲ್ಲವೆಂದು ನೋಡಿಕೊಳ್ಳುತ್ತೇನೆ. ಚೋಕ್ ಹಾಕದೆ ಗುಂಡು ಹಾರಿಸುವುದಂತೂ ಎಂದಿಗೂ ಇಲ್ಲ, ಏಕೆಂದರೆ ಬಯಲಾದ ಥ್ರೆಡ್‌ಗಳು ನೇರವಾಗಿ ಪೆಟ್ಟು ತಿಂದು ಹಾಳಾಗುತ್ತವೆ.